ಹಿಡಿ ಮಣ್ಣಿನ ಹಕ್ಕು: ರಾಬನ್ ದ್ವೀಪದಲ್ಲಿ ಅಂತಿಗೊನೆ



ಕಪ್ಪು ಜನರ ರಂಗಭೂಮಿ, ಅಭಿಜಾತ ನಾಟಕ ಪರಂಪರೆ, ಅನ್ಯಾಯಕ್ಕೆ ಪ್ರತಿರೋಧ ಎಂಬುದು ಇವತ್ತಿನ ವಿಷಯ. ಇದನ್ನು ಪೂರ್ತಿ ಹೇಳಹೊರಟರೆ ಎರಡು ಶತಮಾನ, ಮೂರು ಖಂಡ ಸುತ್ತಬೇಕು. ಒಂದು ಗಂಟೆಯಲ್ಲಿ ಅಷ್ಟನ್ನೂ ಮುಟ್ಟಿ ಬಂದರೆ ಯಾವುದನ್ನೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ. ಆದ್ದರಿಂದ ಬಹುಪಾಲು ಹೊತ್ತನ್ನು ದಕ್ಷಿಣ ಆಫ್ರಿಕಾದ ಒಂದು ಬಡಾವಣೆಯಲ್ಲಿ, ಅಲ್ಲಿನ ಜನರನ್ನು ಹಿಡಿದು ಒಯ್ದು ಕೂಡಿಹಾಕಿದ ಒಂದು ದ್ವೀಪದಲ್ಲಿ, ಒಂದೇ ಒಂದು ಗ್ರೀಕ್ ನಾಟಕದ ಜೊತೆ ಕಳೆಯಲು ನಿಮ್ಮ ಅನುಮತಿ ಬೇಡುತ್ತೇನೆ.

ಬಡಾವಣೆಯ ಹೆಸರು ನ್ಯೂ ಬ್ರೈಟನ್. ಈಗ ಕೆಬೆರ್ಹಾ ಎಂದು ಹೆಸರಾಗಿರುವ ಪೋರ್ಟ್ ಎಲಿಜಬೆತ್ ಬಂದರು ನಗರದ ಅಂಚಿನಲ್ಲಿ ಕಪ್ಪು ಕಾರ್ಮಿಕರಿಗೆಂದು ಸರ್ಕಾರ ಗೆರೆ ಹಾಕಿ ಕೊಟ್ಟ ಜಾಗ. ಈ ಪ್ರದೇಶದ ಕಾರ್ಮಿಕ ಸಂಘಟಕ, ಒಳ್ಳೆಯ ಹಾಡುಗಾರ ವುಯಿಸಿಲೆ ಮಿನಿಯನ್ನು 1964ರ ನವೆಂಬರ್ 6ರಂದು ಇನ್ನಿಬ್ಬರು ಸಂಗಾತಿಗಳ ಜೊತೆ ಪ್ರಿಟೋರಿಯಾದಲ್ಲಿ ಗಲ್ಲಿಗೇರಿಸಿದರು. ವಿಧ್ವಂಸಕ ಕೃತ್ಯ ಮತ್ತು ಪೊಲೀಸ್ ಮಾಹಿತಿದಾರನೊಬ್ಬನ ಕೊಲೆಯಲ್ಲಿ ಪಾಲು, ಇವು ಅವರ ಮೇಲಿದ್ದ ಆರೋಪ. ನೇಣಿನ ಕಡೆಗೆ ಹೋಗುವಾಗಲೂ ಮಿನಿ ಹಾಡುತ್ತಿದ್ದರೆಂದು ಆ ಜೈಲಿನಲ್ಲಿದ್ದವರು ಹೇಳಿದ್ದಾರೆ. ಆಮೇಲೆ ನಡೆದದ್ದು ನಮ್ಮ ಇಂದಿನ ಮಾತಿಗೆ ಮುಖ್ಯ. ಆಗ ಆ ದೇಶದಲ್ಲಿ ಗಲ್ಲಿಗೇರಿದವನ ಹೆಣ ಸರ್ಕಾರದ ಸೊತ್ತಾಗಿತ್ತು. ಅದನ್ನು ಮನೆಯವರಿಗೆ ಕೊಡುತ್ತಿರಲಿಲ್ಲ. ಮಿನಿಯ ದೇಹವನ್ನು ಪ್ರಿಟೋರಿಯಾದ ಒಂದು ಸ್ಮಶಾನದಲ್ಲಿ ದಿಕ್ಕಿಲ್ಲದವರನ್ನು ಹೂಳುವ ಕಡೆ ಗುಟ್ಟಾಗಿ ಹೂತರು. ಹೆಂಡತಿ ಮಕ್ಕಳಿಗೆ ಒಂದು ಹಿಡಿ ಮಣ್ಣು ಹಾಕುವ ಅವಕಾಶವೂ ಇರಲಿಲ್ಲ.

ಮರುವರ್ಷ, 1965ರಲ್ಲಿ, ನ್ಯೂ ಬ್ರೈಟನ್ನಿನ ಒಂದು ಹವ್ಯಾಸಿ ತಂಡ ಸೊಫೋಕ್ಲಿಸ್‌ನ ‘ಅಂತಿಗೊನೆ’ಯನ್ನು ತಾಲೀಮಿಗೆ ಎತ್ತಿಕೊಂಡಿತು. ಮಿನಿಯನ್ನು ನೆನೆದು ಈ ನಾಟಕ ಆರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಅಣ್ಣನ ಹೆಣಕ್ಕೆ ಮಣ್ಣು ಕೊಡಬಾರದೆಂದು ದೊರೆ ಡಂಗುರ ಸಾರಿಸಿದ್ದಾನೆ, ತಂಗಿ ಆ ಆಜ್ಞೆ ಮೀರಿ ಹೋಗಿ ಮಣ್ಣು ಹಾಕುತ್ತಾಳೆ ಎಂಬ ಕಥೆಯನ್ನು ಆ ಊರಿನ ಜನ ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನ ಕಥೆಯಾಗಿ ಮಾತ್ರ ಕೇಳಿರಲಾರರು. ನಮ್ಮ ತರಗತಿಗಳಲ್ಲಿ ನಾವು ಅಂತಿಗೊನೆಯನ್ನು ರೂಪಕವಾಗಿ ಓದುತ್ತೇವೆ. ಹೆಣ ಎಂದರೆ ಮನುಷ್ಯ ಘನತೆ, ಮಣ್ಣು ಎಂದರೆ ಮಾನವ ಧರ್ಮ ಎಂದು ಬರೆಸುತ್ತೇವೆ. ನ್ಯೂ ಬ್ರೈಟನ್ನಿನಲ್ಲಿ ಹೆಣವೆಂದರೆ ಹೆಣ, ಮಣ್ಣೆಂದರೆ ಮಣ್ಣು. ಅಲ್ಲಿಂದ ಮೂರು ನಾಲ್ಕು ದಶಕಗಳವರೆಗೆ ಆ ಬಡಾವಣೆಯಿಂದ ಹೊರಟ ರಂಗಕೃತಿಗಳನ್ನು ನೋಡಿದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಸತ್ತವನು ಯಾರವನು? ಅವನಿಗೆ ಮಣ್ಣು ಕೊಡುವ ಹಕ್ಕು ಯಾರದು? ಬೇಡ ಎನ್ನುವ ಕಾನೂನು ಯಾವ ಮುಖ ಇಟ್ಟುಕೊಂಡು ಬೇಡ ಎನ್ನುತ್ತದೆ?

ತಂಡದ ಹೆಸರು ಸರ್ಪೆಂಟ್ ಪ್ಲೇಯರ್ಸ್. ಶುರುವಾದದ್ದು 1963ರಲ್ಲಿ. ಹಳೆಯ ಮ್ಯೂಸಿಯಮ್ಮಿನಲ್ಲಿ ಹಾವು ಸಾಕುತ್ತಿದ್ದ, ಆಮೇಲೆ ಖಾಲಿ ಬಿದ್ದಿದ್ದ ಗುಂಡಿಯಲ್ಲಿ ಮೊದಲ ಕೆಲಸ ಶುರುವಾದ್ದರಿಂದ ಆ ಹೆಸರು. ನಟರೆಲ್ಲ ಹಗಲು ದುಡಿಯುವವರು. ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯ ಕೆಲಸಗಾರರು, ಮನೆಗೆಲಸದವರು. ಅವರು ತಮ್ಮ ಜೊತೆ ಕೆಲಸ ಮಾಡಲು ಕೇಳಿಕೊಂಡದ್ದು ಅದೇ ಊರಿನ ಬಿಳಿಯ ನಾಟಕಕಾರ ಆಥಲ್ ಫ್ಯೂಗಾರ್ಡ್ ಅವರನ್ನು. ಬಿಳಿಯನೊಬ್ಬ ಕಪ್ಪು ಜನರ ಬಡಾವಣೆಗೆ ಕಾಲಿಡಬೇಕಾದರೆ ಪರವಾನಗಿ ಬೇಕಿದ್ದ ಕಾಲ ಅದು. ಮಾಕಿಯಾವೆಲ್ಲಿ, ಬ್ಯೂಖ್ನರ್, ಬ್ರೆಕ್ಟ್, ಸೊಫೋಕ್ಲಿಸ್ ಹೀಗೆ ಯುರೋಪಿನ ದೊಡ್ಡ ನಾಟಕಗಳನ್ನೇ ಈ ತಂಡ ಆಡಿತು. ಪೊಲೀಸರು ತಾಲೀಮಿಗೆ ಬಂದು ಕೂರುತ್ತಿದ್ದರು, ನಟರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋಗುತ್ತಿದ್ದರು.

ತಂಡದ ನಟರೊಬ್ಬರ ವಿಚಾರಣೆ ದೂರದ ಕ್ರಾಡಕ್ ಎಂಬ ಊರಲ್ಲಿ ನಡೆಯಿತು. ಮನೆಯವರಿಗೆ ಬಂದುಹೋಗಲು ಕಷ್ಟವಾಗುವ ಇಂಥ ಸಣ್ಣ ಊರುಗಳಲ್ಲೇ ಈ ವಿಚಾರಣೆಗಳು ನಡೆಯುತ್ತಿದ್ದವು. ತಂಡದವರಿಗೆ ಬೇಕಾದ ಹೆಂಗಸೊಬ್ಬರು ಅಲ್ಲಿಗೆ ಹೋಗಿದ್ದರು. ಆಗತಾನೆ ಶಿಕ್ಷೆ ವಿಧಿಸಿಕೊಂಡಿದ್ದ, ನ್ಯೂ ಬ್ರೈಟನ್ನಿನವನೇ ಆದ ಒಬ್ಬ ವಯಸ್ಸಾದ ಮನುಷ್ಯ ಆಕೆಯ ಗುರುತು ಹಿಡಿದ. ತಾನು ತೊಟ್ಟಿದ್ದ ಕೋಟನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟ. ನನ್ನ ಹೆಂಡತಿಗೆ ಮುಟ್ಟಿಸಿ, ಇದನ್ನು ಬಳಸಿಕೊಳ್ಳಲಿ ಎಂದ. ಅಷ್ಟೆ. ತಂಡ ಈ ಕೋಟನ್ನೇ ಇಟ್ಟುಕೊಂಡು ಪ್ರಯೋಗಕ್ಕೆ ಇಳಿಯಿತು: ಕೋಟು ತಂದವಳು ಆ ಹೆಂಡತಿಯ ಬಾಗಿಲು ತಟ್ಟಿದಾಗ ಮೊದಲ ಮಾತು ಏನಿದ್ದೀತು? ಬಾಡಿಗೆ ಕಟ್ಟಲು ದುಡ್ಡಿಲ್ಲದಾಗ ಆಕೆ ಕೋಟನ್ನು ಮಾರುತ್ತಾಳೆಯೆ, ಇಟ್ಟುಕೊಳ್ಳುತ್ತಾಳೆಯೆ? 1966ರ ‘ದಿ ಕೋಟ್’ ಹುಟ್ಟಿದ್ದು ಹೀಗೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಗ್ರೀಕ್ ನಾಟಕ ಆಡಿದ್ದೂ ಈ ಕೋಟಿನ ನಾಟಕ ಕಟ್ಟಿದ್ದೂ ಅದೇ ಜನ, ಅದೇ ಕಾಲದಲ್ಲಿ. ಒಂದು ಎರವಲು, ಇನ್ನೊಂದು ಸ್ವಂತ ಎಂದು ವಿಮರ್ಶಕರು ಆಮೇಲೆ ಗೆರೆ ಎಳೆದರು. ತಂಡದವರಿಗೆ ಅಂಥ ಗೆರೆ ಇದ್ದಂತೆ ಕಾಣುವುದಿಲ್ಲ.

‘ಅಂತಿಗೊನೆ’ಯ ತಾಲೀಮಿಗೆ ಬರೋಣ. ಪ್ರಯೋಗಕ್ಕೆ ಮೊದಲೇ ಹೀಮನ್ ಪಾತ್ರದ ನಟನ ಬಂಧನವಾಯಿತು. ಹೀಮನ್ ಎಂದರೆ ದೊರೆ ಕ್ರೆಯಾನ್‌ನ ಮಗ, ಅಂತಿಗೊನೆಯನ್ನು ಮದುವೆಯಾಗಬೇಕಾದವನು. ನಿಮ್ಮ ಮುಖ ಕಂಡರೆ ಜನ ಬಾಯಿ ಬಿಡುವುದಿಲ್ಲ, ಆದರೆ ಕತ್ತಲಲ್ಲಿ ಊರೆಲ್ಲ ಆ ಹುಡುಗಿಗಾಗಿ ಮರುಗುತ್ತಿದೆ ಎಂದು ಅಪ್ಪನ ಎದುರು ನಿಂತು ಹೇಳುವವನು ಅವನೇ. ದೊರೆಗೆ ಜನರ ಮನಸ್ಸನ್ನು ಮುಟ್ಟಿಸಬೇಕಾದ ಪಾತ್ರಧಾರಿಯನ್ನೇ ಸರ್ಕಾರ ಹಿಡಿದುಕೊಂಡು ಹೋಯಿತು. ಆತ ನಾನು ಮೊದಲೇ ಹೇಳಿದ ಸೆರೆಯ ದ್ವೀಪ, ರಾಬನ್ ದ್ವೀಪ, ಸೇರಿದ. ಬಂಧನ ಅವನಿಂದ ಪಾತ್ರವನ್ನು ಕಿತ್ತುಕೊಂಡಿತೇ ಹೊರತು ನಾಟಕವನ್ನು ಕಿತ್ತುಕೊಳ್ಳಲಾಗಲಿಲ್ಲ. ಅಲ್ಲಿನ ಕೈದಿಗಳ ಮನರಂಜನೆಯ ಸಂಜೆಯೊಂದರಲ್ಲಿ ನೆನಪಿನಿಂದಲೇ ‘ಅಂತಿಗೊನೆ’ಯ ಒಂದು ಪುಟ್ಟ ರೂಪವನ್ನು ಕಟ್ಟಿ ಆಡಿ ತೋರಿಸಲಾಯಿತು. ಆ ಸುದ್ದಿ ಬಿಡುಗಡೆಯಾದವರ ಬಾಯಲ್ಲಿ ನ್ಯೂ ಬ್ರೈಟನ್ನಿಗೆ ಮರಳಿತು.

ನೆಲ್ಸನ್ ಮಂಡೇಲಾ ಇದ್ದ ವಿಭಾಗದಲ್ಲೂ ಈ ನಾಟಕ ನಡೆದಿದೆ. ಕೈದಿಗಳು ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ಹೊತ್ತಿಗೆ ರಂಗಸಜ್ಜಿಕೆ, ವೇಷಭೂಷಣ ಯಾವುದೂ ಇಲ್ಲದೆ ನಾಟಕ ಆಡುತ್ತಿದ್ದರು. ಅಂಥದೊಂದು ಪ್ರಯೋಗದಲ್ಲಿ ಮಂಡೇಲಾ ಮಾಡಿದ್ದು ಕ್ರೆಯಾನ್ ಪಾತ್ರವನ್ನು. ಅವರು ಅದನ್ನು 1994ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಜೀವಾವಧಿ ಶಿಕ್ಷೆಗೆ ಗುರಿಯಾದ, ಅನ್ಯಾಯದ ಕಾನೂನು ಮುರಿದದ್ದಕ್ಕಾಗಿಯೇ ಒಳಗಿರುವ ಮನುಷ್ಯ ಅಂತಿಗೊನೆಯ ಪಕ್ಕದಲ್ಲಿ ನಿಲ್ಲದೆ ದೊರೆಯ ಮಾತನ್ನು ಬಾಯಿಪಾಠ ಮಾಡಿದ. ಕ್ರೆಯಾನ್ ಮೊದಮೊದಲು ದೇಶಭಕ್ತನಂತೆ, ತಿಳಿದವನಂತೆ ಮಾತಾಡುತ್ತಾನೆ. ಅಧಿಕಾರ ಕೊಟ್ಟು ನೋಡದೆ ಮನುಷ್ಯನನ್ನು ಅಳೆಯಲಾಗದೆಂಬ ಅವನ ಮಾತಿನಲ್ಲಿ ವಿವೇಕವಿದೆ. ಆದರೆ ಅವನಿಗೆ ಬಾಗುವುದು ಗೊತ್ತಿಲ್ಲ, ಕೇಳಿಸಿಕೊಳ್ಳುವುದು ಗೊತ್ತಿಲ್ಲ ಎಂಬ ಅರ್ಥದ ಮಾತನ್ನು ಮಂಡೇಲಾ ಬರೆಯುತ್ತಾರೆ. ಹೋರಾಟದ ಸಂಕೇತವಾಗಿ ಅವರಿಗೆ ಕಂಡದ್ದು ಅಂತಿಗೊನೆಯೇ. ಆದರೂ ಒಳಗಿನಿಂದ ಅರಿತದ್ದು ಕ್ರೆಯಾನ್‌ನನ್ನು. ಮುಂದೆ ರಾಜ್ಯಾಧಿಕಾರ ಕೈಗೆ ಬಂದಾಗ ಅವರು ಸೇಡಿನ ದಾರಿ ಹಿಡಿಯಲಿಲ್ಲ ಎಂಬುದನ್ನು ಈ ಪಾತ್ರಕ್ಕೆ ಗಂಟು ಹಾಕುವ ಆಸೆ ನನಗಿಲ್ಲ. ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ನನಗೆ ಮುಖ್ಯವಾದದ್ದು ನಾಟಕ ಅವರಿಂದ ಕೇಳಿದ ಕೆಲಸ. ನಿನ್ನನ್ನು ಜೈಲಿಗೆ ಹಾಕಿದವನ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸು ಎಂದು ಅದು ಕೇಳಿತು. ಅವರು ಅದನ್ನು ಮಾಡಿದರು.

ಅಭಿಜಾತ ನಾಟಕ ಈ ಜನಕ್ಕೆ ಏನು ಕೊಟ್ಟಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ, ಮರೆ. ಸಮಕಾಲೀನ ನಾಟಕ ಬರೆದರೆ ನಿಷೇಧ ಬೀಳುತ್ತದೆ, ಸೊಫೋಕ್ಲಿಸ್‌ನನ್ನು ನಿಷೇಧಿಸಲು ಸರ್ಕಾರ ಹಿಂಜರಿಯುತ್ತದೆ, ಅದಕ್ಕೆ ಹಳೆಯ ನಾಟಕದ ಮರೆಯಲ್ಲಿ ಹೊಸ ಮಾತು. ಇದು ನಿಜ. 1959ರ ಜೈಲು ಕಾಯ್ದೆಯ ಪ್ರಕಾರ ಜೈಲಿನ ಒಳಗಿನ ಸ್ಥಿತಿಯ ಬಗ್ಗೆ ತಪ್ಪು ಸುದ್ದಿ ಪ್ರಕಟಿಸುವುದು ಅಪರಾಧವಾಗಿತ್ತು, ಬರೆಯುವ ಮೊದಲು ತಕ್ಕಷ್ಟು ಪರಿಶೀಲಿಸಿದ್ದೆನೆಂದು ಸಾಬೀತು ಮಾಡುವ ಹೊಣೆ ಬರೆದವನದೇ ಆಗಿತ್ತು. 1965ರಲ್ಲಿ ಕಪ್ಪು ಮತ್ತು ಬಿಳಿ ನಟರು ಒಂದೇ ರಂಗದ ಮೇಲೆ ಬರುವುದನ್ನೂ ಬೇರೆ ಬೇರೆ ವರ್ಣದ ಪ್ರೇಕ್ಷಕರು ಒಟ್ಟಿಗೆ ಕೂರುವುದನ್ನೂ ಸರ್ಕಾರ ಆಜ್ಞೆ ಹೊರಡಿಸಿ ತಡೆಯಿತು. ಇಂಥಲ್ಲಿ ಮರೆ ಬೇಕೇ ಬೇಕು. ಆದರೆ ಮರೆ ಮಾತ್ರವಾಗಿದ್ದರೆ ಕೈದಿಗಳಿಗೆ ಅದರ ಅಗತ್ಯ ಇರಲಿಲ್ಲ. ಅವರು ಆಗಲೇ ಒಳಗಿದ್ದರು, ಬಚ್ಚಿಡಬೇಕಾದದ್ದು ಅವರಲ್ಲಿ ಕಡಿಮೆ. ಅವರಿಗೆ ಈ ನಾಟಕ ಕೊಟ್ಟದ್ದು ವಿಚಾರಣೆಯನ್ನು. ಆಳುವವನು ಎಲ್ಲರ ಮುಂದೆ ನಿಂತು ತನ್ನ ಕಾನೂನಿಗೆ ಕಾರಣ ಹೇಳಲೇಬೇಕು, ಆಳಿಸಿಕೊಳ್ಳುವವಳು ಅಷ್ಟೇ ಎತ್ತರದ ದನಿಯಲ್ಲಿ ಅದಕ್ಕೆ ಉತ್ತರ ಕೊಡಬೇಕು, ಮೇಳ ಇಬ್ಬರನ್ನೂ ಕೇಳಿಸಿಕೊಳ್ಳಬೇಕು. ವರ್ಣಭೇದದ ಆಡಳಿತ ಕಪ್ಪು ಮನುಷ್ಯನಿಗೆ ಒಮ್ಮೆಯೂ ಕಾರಣ ಹೇಳಿರಲಿಲ್ಲ. ಆಜ್ಞೆ ಮಾಡಿತ್ತು.

ಇದನ್ನು ಅತ್ಯಂತ ಆಳವಾಗಿ ಕಂಡ ನಾಟಕ ‘ದಿ ಐಲ್ಯಾಂಡ್’. ಫ್ಯೂಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ಎನ್‌ಟ್ಶೋನಾ ಮೂವರೂ ಸೇರಿ ಕಟ್ಟಿದ್ದು. ಕಾನಿ 1965ರಲ್ಲೇ ತಂಡ ಸೇರಿದ್ದವರು, ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಅಣ್ಣನೂ ರಾಬನ್ ದ್ವೀಪದಲ್ಲಿ ಶಿಕ್ಷೆ ಅನುಭವಿಸಿ ಬಂದಿದ್ದರು. ನಟನೆಯನ್ನೇ ವೃತ್ತಿ ಮಾಡಿಕೊಳ್ಳೋಣವೆಂದು ಕಾನಿ, ಎನ್‌ಟ್ಶೋನಾ ಇಬ್ಬರೂ ಕೆಲಸ ಬಿಟ್ಟಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಕಪ್ಪು ಮನುಷ್ಯನ ಉದ್ಯೋಗಗಳ ಸರ್ಕಾರಿ ಪಟ್ಟಿಯಲ್ಲಿ ನಟ ಎಂಬುದು ಇರಲಿಲ್ಲ. ಉದ್ಯೋಗ ತೋರಿಸದಿದ್ದರೆ ನಗರದಲ್ಲಿ ಇರುವಂತಿಲ್ಲ. ಕೊನೆಗೆ ದಾಖಲೆಯಲ್ಲಿ ಇಬ್ಬರೂ ಫ್ಯೂಗಾರ್ಡ್ ಮನೆಯ ಆಳುಗಳಾದರು.

ತಾಲೀಮು ಶುರುವಾದದ್ದು ಪಠ್ಯದಿಂದಲ್ಲ. ನೆಲದ ಮೇಲೆ ಒಂದು ದೊಡ್ಡ ಹಾಸು ಹರಡಿ ಅದರ ಮೇಲೆ ಇಬ್ಬರೂ ನಡೆದಾಡಬೇಕು. ಆಮೇಲೆ ಹಾಸನ್ನು ಅರ್ಧಕ್ಕೆ ಮಡಿಸುವುದು. ಮತ್ತೆ ನಡೆದಾಡುವುದು. ಇನ್ನೊಮ್ಮೆ ಮಡಿಸುವುದು. ಹೀಗೆ ಮಡಿಸಿ ಮಡಿಸಿ, ಒಬ್ಬನಿಗೊಬ್ಬ ತಾಗದೆ ಅಲ್ಲಾಡಲೂ ಆಗದಷ್ಟು ಜಾಗ ಉಳಿದಾಗ ಅದು ಎಂಥ ಜಾಗವೆಂದು ಮೂವರಿಗೂ ಹೊಳೆಯಿತು. ಜೈಲಿನ ಕೋಣೆ. 1973ರ ಜುಲೈನಲ್ಲಿ ಕೇಪ್‌ಟೌನಿನ ‘ದಿ ಸ್ಪೇಸ್’ ರಂಗಮಂದಿರದಲ್ಲಿ ಮೊದಲ ಪ್ರಯೋಗವಾದಾಗ ನಾಟಕಕ್ಕೆ ದ್ವೀಪದ ಹೆಸರು ಇಡುವಂತಿರಲಿಲ್ಲ. ‘ಡಿ ಹೊಡೋಶೆ ಸ್ಪಾನ್’ ಎಂದು ಕರೆದರು, ಹೊಡೋಶೆಯ ಕೈಕೆಳಗಿನ ಕೆಲಸದ ಗುಂಪು ಎಂದರ್ಥ. ಹೆಣಕ್ಕೆ ಮುತ್ತುವ ಹಸಿರು ನೊಣದ ಹೆಸರು ಹೊಡೋಶೆ. ದ್ವೀಪದ ಒಬ್ಬ ಕ್ರೂರ ಕಾವಲುಗಾರನಿಗೆ ಕೈದಿಗಳು ಇಟ್ಟಿದ್ದ ಅಡ್ಡಹೆಸರು ಅದು. ಬರೆದಿಟ್ಟ ಪಠ್ಯ ಪೊಲೀಸರ ಕೈಗೆ ಸಾಕ್ಷಿಯಾಗಬಾರದೆಂದು ಆಗ ಪಠ್ಯವನ್ನೂ ಇಟ್ಟಿರಲಿಲ್ಲ.

ಪರದೆ ಎದ್ದಾಗ ಇಬ್ಬರು ಕೈದಿಗಳು ಮರಳು ತೋಡುತ್ತಿರುತ್ತಾರೆ. ಒಬ್ಬ ಅಗೆದು ಗಾಡಿಗೆ ತುಂಬಿ, ಕಷ್ಟಪಟ್ಟು ತಳ್ಳಿಕೊಂಡು ಹೋಗಿ ಇನ್ನೊಬ್ಬ ಅಗೆಯುತ್ತಿರುವ ಜಾಗದಲ್ಲಿ ಸುರಿಯುತ್ತಾನೆ. ಇನ್ನೊಬ್ಬ ತನ್ನದನ್ನು ತಂದು ಇವನ ಜಾಗದಲ್ಲಿ ಸುರಿಯುತ್ತಾನೆ. ಗುಡ್ಡೆ ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ. ಮಾತಿಲ್ಲ. ಪ್ರೇಕ್ಷಕ ಕುರ್ಚಿಯಲ್ಲಿ ಮಿಸುಕಾಡುವಷ್ಟು ಹೊತ್ತು ಇದು ನಡೆಯುತ್ತದೆ. ಆಮೇಲೆ ಸೀಟಿ ಕೇಳುತ್ತದೆ, ಇಬ್ಬರನ್ನೂ ಜೋಡಿ ಕೋಳ ತೊಡಿಸಿ ಓಡಿಸುತ್ತಾರೆ, ಹೊಡೆಯುತ್ತಾರೆ. ಕೋಣೆ ಸೇರಿದ ಮೇಲೆ ಒಬ್ಬ ತನ್ನ ಮೂತ್ರವನ್ನು ಅಂಗೈಗೆ ಹಿಡಿದು ಇನ್ನೊಬ್ಬನ ಗಾಯಗೊಂಡ ಕಣ್ಣು ತೊಳೆಯಲು ನೋಡುತ್ತಾನೆ. ಇಷ್ಟಾದ ಮೇಲೆ ಮಾತು ಶುರು. ಪಾತ್ರಗಳ ಹೆಸರೂ ಜಾನ್ ಮತ್ತು ವಿನ್‌ಸ್ಟನ್, ನಟರ ಹೆಸರೇ. ಜಾನ್ ನಿಷೇಧಿತ ಸಂಘಟನೆಯ ಸದಸ್ಯ. ವಿನ್‌ಸ್ಟನ್ ಪೊಲೀಸ್ ಠಾಣೆಯ ಮುಂದೆಯೇ ತನ್ನ ಪಾಸು ಸುಟ್ಟವನು, ಜೀವಾವಧಿ ಕೈದಿ. ಪಾಸೆಂದರೆ ಹದಿನಾರು ತುಂಬಿದ ಪ್ರತಿ ಕಪ್ಪು ಮನುಷ್ಯ ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಾಗಿದ್ದ ಪುಸ್ತಕ. ಯಾವ ಊರಲ್ಲಿ ಇರಬಹುದು, ಯಾರ ಬಳಿ ದುಡಿಯಬಹುದು ಎಂಬುದೆಲ್ಲ ಅದರಲ್ಲಿ ಮುದ್ರೆ ಬಿದ್ದಿರಬೇಕು. ಆ ಕಾನೂನನ್ನು ಪ್ರತಿಭಟಿಸಿದ್ದಕ್ಕೆ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದಿದ್ದರು.

ಇಬ್ಬರೂ ಕೈದಿಗಳ ಸಂಜೆಗಾಗಿ ‘ಅಂತಿಗೊನೆಯ ವಿಚಾರಣೆ ಮತ್ತು ಶಿಕ್ಷೆ’ಯ ತಾಲೀಮು ಮಾಡುತ್ತಾರೆ. ಜಾನ್ ಹೇಳಿಕೊಡುವವನು, ವಿನ್‌ಸ್ಟನ್‌ಗೆ ಕಥೆ ತಲೆಗೆ ಹತ್ತುವುದಿಲ್ಲ. ಹಗ್ಗದ ಕೂದಲು, ಮೊಳೆಗಳನ್ನು ಪೋಣಿಸಿದ ಸರ, ಕ್ರೆಯಾನ್‌ಗೆ ಡಬ್ಬಿಯ ಮುಚ್ಚಳದ ಪದಕ. ಕೂದಲು, ಎದೆ ಕಟ್ಟಿಕೊಂಡು ಹೆಣ್ಣಾಗಿ ನಿಂತ ವಿನ್‌ಸ್ಟನ್‌ನನ್ನು ಕಂಡು ಜಾನ್ ಬಿದ್ದು ಬಿದ್ದು ನಗುತ್ತಾನೆ; ವಿನ್‌ಸ್ಟನ್ ಪಾತ್ರ ಮಾಡುವುದಿಲ್ಲ ಎಂದು ಕಿತ್ತೆಸೆಯುತ್ತಾನೆ. ಇದರ ನಡುವೆ ಒಂದು ಸಣ್ಣ ಜಗಳವಿದೆ, ನನ್ನ ಮಟ್ಟಿಗೆ ಇಡೀ ನಾಟಕದ ಬೇರು ಅಲ್ಲಿದೆ. ಆರೋಪ ಓದಿದ ಮೇಲೆ ಅಂತಿಗೊನೆ ತಪ್ಪೊಪ್ಪಿಕೊಳ್ಳುತ್ತಾಳೆ ಎಂದು ಜಾನ್ ಹೇಳಿಕೊಡುತ್ತಾನೆ. ವಿನ್‌ಸ್ಟನ್ ಒಪ್ಪುವುದಿಲ್ಲ. ಅವಳು ತಪ್ಪು ಮಾಡಿಲ್ಲವಲ್ಲ, ಯಾಕೆ ಒಪ್ಪಿಕೊಳ್ಳಬೇಕು? ನಾಟಕದಲ್ಲಿ ಹಾಗಿದೆ ಎಂದು ಜಾನ್ ರೇಗುತ್ತಾನೆ. ಓದು ಬರಹದ ಮಟ್ಟಿಗೆ ಜಾನ್ ಸರಿ. ಸೊಫೋಕ್ಲಿಸ್‌ನ ಅಂತಿಗೊನೆ, ಹೌದು ನಾನೇ ಮಾಡಿದೆ, ಅಲ್ಲಗಳೆಯುವುದಿಲ್ಲ ಎನ್ನುತ್ತಾಳೆ. ಆದರೆ ಮಾಡಿದ್ದನ್ನು ಒಪ್ಪಿಕೊಳ್ಳುವುದು ಬೇರೆ, ಅದು ತಪ್ಪೆಂದು ಒಪ್ಪಿಕೊಳ್ಳುವುದು ಬೇರೆ ಎಂದು ವಿನ್‌ಸ್ಟನ್‌ಗೆ ಯಾವ ಮೇಷ್ಟ್ರೂ ಕಲಿಸಬೇಕಾಗಿರಲಿಲ್ಲ. ತಮಗೆ ಜೀವಾವಧಿ ಶಿಕ್ಷೆಯಾದ ರಿವೋನಿಯಾ ವಿಚಾರಣೆಯಲ್ಲಿ ಮಂಡೇಲಾ ಕೂಡ ಕಟಕಟೆಯಲ್ಲಿ ನಿಲ್ಲಬೇಕಾದದ್ದು ಸರ್ಕಾರ, ನಾನಲ್ಲ ಎಂದು ಹೇಳಿ ತಪ್ಪಿತಸ್ಥನಲ್ಲ ಎಂದೇ ಉತ್ತರಿಸಿದ್ದರು. ಎರಡು ಸಾವಿರ ವರ್ಷಗಳಿಂದ ಪಂಡಿತರು ಅಂತಿಗೊನೆಯ ಹೊಣೆಯ ಬಗ್ಗೆ ಚರ್ಚೆ ಮಾಡುತ್ತ ಬಂದಿದ್ದಾರೆ. ಮರಳು ತೋಡುವ ಒಬ್ಬ ಕೈದಿ ಕಂಬಳಿಯ ಮೇಲೆ ಕೂತು ಅದೇ ಪ್ರಶ್ನೆಯನ್ನು ಮೊದಲ ಸಲ ಕೇಳುವವನಂತೆ ಕೇಳುತ್ತಾನೆ.

ಆಮೇಲೆ ಜಾನ್‌ಗೆ ಸುದ್ದಿ ಬರುತ್ತದೆ: ಮೇಲ್ಮನವಿಯಲ್ಲಿ ಶಿಕ್ಷೆ ಇಳಿದಿದೆ, ಇನ್ನು ಮೂರು ತಿಂಗಳಲ್ಲಿ ಬಿಡುಗಡೆ. ಗೆಳೆಯನ ಸಂತೋಷದಲ್ಲಿ ಪಾಲುಗೊಂಡ ವಿನ್‌ಸ್ಟನ್ ನಡುರಾತ್ರಿ ಸಿಡಿಯುತ್ತಾನೆ. ಕಲ್ಲುಗಣಿಯಲ್ಲಿ ಒಬ್ಬ ಮುದುಕನಿದ್ದಾನೆ, ಜೀವಾವಧಿಯವನು. ಕಲ್ಲು ಒಡೆದು ಒಡೆದು ತಾನೂ ಕಲ್ಲಾಗಿದ್ದಾನೆ, ಯಾಕೆ ಇಲ್ಲಿದ್ದೇನೆಂಬುದೂ ಮರೆತಿದ್ದಾನೆ. ನಾನೂ ಹಾಗಾಗುತ್ತೇನೆ ಎಂಬ ಭಯ ಅದು. ಜೀವಂತವಾಗಿ ಗುಹೆಯಲ್ಲಿ ಮುಚ್ಚಿಸಿಕೊಳ್ಳಲಿರುವ ಹುಡುಗಿಯ ಪಾತ್ರ ತನ್ನದು ಎಂದು ವಿನ್‌ಸ್ಟನ್ ಆ ರಾತ್ರಿ ಅರಿಯುತ್ತಾನೆ. ಕೊನೆಯ ದೃಶ್ಯದಲ್ಲಿ ರಂಗಮಂದಿರದ ಪ್ರೇಕ್ಷಕರೇ ಜೈಲಿನ ಪ್ರೇಕ್ಷಕರು. ಜಾನ್ ನಮ್ಮತ್ತ ತಿರುಗಿ ಅಧಿಕಾರಿಗೆ, ಹೊಡೋಶೆಗೆ, ಕಾವಲುಗಾರರಿಗೆ ವಂದಿಸಿ ಕೊನೆಗೆ ಕೈದಿಗಳನ್ನು ಮಹನೀಯರೆ ಎಂದು ಕರೆಯುತ್ತಾನೆ. ನೋಡುತ್ತ ಕೂತ ನಾವು ಇದರಲ್ಲಿ ಯಾರು ಎಂದು ನಾವೇ ನಿರ್ಧರಿಸಿಕೊಳ್ಳಬೇಕು. ಶಿಕ್ಷೆ ಕೇಳಿದ ವಿನ್‌ಸ್ಟನ್ ಹಗ್ಗದ ಕೂದಲನ್ನು ಕಿತ್ತು ತನ್ನದೇ ಮುಖದಲ್ಲಿ ಮಾತಾಡುತ್ತಾನೆ. ಸೀಟಿ. ಕೋಳ. ಓಟ.

ಈ ನಾಟಕದ ಬಗ್ಗೆ ನನಗೆ ಅಪಾರ ಗೌರವವಿದೆ, ಆದ್ದರಿಂದಲೇ ಒಂದು ಕೊರತೆಯನ್ನೂ ಹೇಳಬೇಕು. ಇಲ್ಲಿನ ಕ್ರೆಯಾನ್ ಸಣ್ಣವನು. ಪ್ರಜೆಗಳ ಹೊಟ್ಟೆ ತುಂಬಿದೆ, ಕಾನೂನು ಅವರನ್ನು ಕಾಯುತ್ತದೆ ಎಂದು ನಯವಾಗಿ ಮಾತಾಡುವ ರಾಜಕಾರಣಿ. ಅವನನ್ನು ಕಂಡು ಪ್ರೇಕ್ಷಕ ಸುಲಭವಾಗಿ ನಗುತ್ತಾನೆ. ಸೊಫೋಕ್ಲಿಸ್‌ನ ಕ್ರೆಯಾನ್‌ನನ್ನು ಕಂಡರೆ ನಗಲಾಗದು. ಅಂತರ್ಯುದ್ಧದಿಂದ ಈಚೆಗಷ್ಟೇ ಪಾರಾದ ನಗರವನ್ನು ಉಳಿಸಬೇಕಾದ ಹೊಣೆ ಅವನದು, ಅವನ ಮಾತಿನಲ್ಲಿ ನಾವೂ ತಲೆದೂಗುವ ಅಂಶಗಳಿವೆ. ಜೈಲಿನ ಅಂಗಳದಲ್ಲಿ ಮಂಡೇಲಾ ಆಡಿದ್ದು ಆ ದೊಡ್ಡ ಕ್ರೆಯಾನ್‌ನನ್ನು ಎಂದು ಅವರ ಬರಹದಿಂದ ತಿಳಿಯುತ್ತದೆ. ದಿನವೂ ನಿಜವಾದ ಹೊಡೋಶೆಯ ಕೈಗೆ ಸಿಕ್ಕಿದವರಿಗೆ ದೊರೆಯನ್ನು ಚಿಕ್ಕವನಾಗಿ ಕಾಣಿಸುವ ಆಸೆ ಸಹಜ ಎಂದು ಒಪ್ಪುತ್ತೇನೆ. ಆದರೂ ಎದುರಾಳಿ ದೊಡ್ಡವನಾದಷ್ಟೂ ಅಂತಿಗೊನೆಯ ಮಾತು ದೂರ ಮುಟ್ಟುತ್ತದೆ.

1975ರಲ್ಲಿ ‘ದಿ ಐಲ್ಯಾಂಡ್’ ಮತ್ತು ‘ಸಿಜ್ವೆ ಬಾನ್ಸಿ ಈಸ್ ಡೆಡ್’ ನಾಟಕಗಳ ನಟನೆಗೆ ಕಾನಿ, ಎನ್‌ಟ್ಶೋನಾ ಇಬ್ಬರಿಗೂ ಸೇರಿ ಅಮೆರಿಕದ ಟೋನಿ ಪ್ರಶಸ್ತಿ ಬಂತು. 1976ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ಕೈಯಲ್ಲಿ ಪ್ರದರ್ಶನ ಮುಗಿಯುತ್ತಿದ್ದಂತೆ ಅದೇ ಇಬ್ಬರನ್ನು ಬಂಧಿಸಿದರು. ಹೊರದೇಶಗಳ ರಂಗಕರ್ಮಿಗಳು ಪ್ರತಿಭಟಿಸಿದ ಮೇಲೆ ಬಿಟ್ಟರು.

ಇಲ್ಲಿ ಒಂದು ತಕರಾರು ಏಳುತ್ತದೆ, ನ್ಯಾಯವಾದದ್ದೇ. ಯುರೋಪಿನ ನಾಟಕ ಆಡಿದರೆ ಕಪ್ಪು ನಟನಿಗೆ ಬೆಲೆ ಬರುತ್ತದೆಯೆ? ತನ್ನದನ್ನು ತಾನೇ ಬರೆದುಕೊಳ್ಳಬಾರದೆ? ಈ ಜಗಳ ಹಳೆಯದು. 1821ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಬ್ರೌನ್ ಎಂಬಾತ ಕಪ್ಪು ಪ್ರೇಕ್ಷಕರಿಗಾಗಿ ‘ಆಫ್ರಿಕನ್ ಗ್ರೋವ್’ ರಂಗಮಂದಿರ ತೆರೆದ. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1827ರಲ್ಲಿ, ನೆನಪಿಡಿ. ಅಲ್ಲಿ ಜೇಮ್ಸ್ ಹ್ಯೂಲೆಟ್ ಮೂರನೆಯ ರಿಚರ್ಡ್ ಆಗಿ ನಟಿಸಿದ. 1822ರಲ್ಲಿ ಪೊಲೀಸರು ನಟರನ್ನು ಬಂಧಿಸಿದರು. ಇನ್ನು ಮುಂದೆ ಷೇಕ್ಸ್‌ಪಿಯರ್ ನಾಟಕ ಆಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಟ್ಟರೆಂದು ಅಂದಿನ ಪತ್ರಿಕೆ ಬರೆಯಿತು. ಕಪ್ಪು ಮನುಷ್ಯ ಹಾಡಿ ಕುಣಿದರೆ ಅಭ್ಯಂತರವಿರಲಿಲ್ಲ. ರಾಜನಾಗಿ ನಿಂತು ಪದ್ಯ ಹೇಳುವುದನ್ನು ತಡೆಯಬೇಕೆನಿಸಿತು. ಆ ನ್ಯೂಯಾರ್ಕಿನಿಂದ ಇಂಗ್ಲೆಂಡಿಗೆ ಹೋದ ಕಪ್ಪು ನಟ ಐರಾ ಆಲ್ಡ್ರಿಜ್ 1833ರ ಏಪ್ರಿಲ್‌ನಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ ಒಥೆಲೊ ಆದರು. ಪತ್ರಿಕೆಗಳು ಹರಿಹಾಯ್ದವು, ಎರಡೇ ಪ್ರದರ್ಶನಕ್ಕೆ ನಿಂತಿತು. ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದು ಮಾಡುವ ಕಾಯ್ದೆ ಒಪ್ಪಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಆಲ್ಡ್ರಿಜ್ ಆಮೇಲೆ ಯುರೋಪನ್ನೆಲ್ಲ ಸುತ್ತಿ, ಬಿಳಿ ಬಣ್ಣ ಬಳಿದುಕೊಂಡು ಲಿಯರ್ ಕೂಡ ಆಗಿ, 1867ರಲ್ಲಿ ಪೋಲೆಂಡಿನ ವುಚ್ ನಗರದಲ್ಲಿ ತೀರಿಕೊಂಡರು.

ಇನ್ನೊಂದು ಕಡೆಯ ವಾದವನ್ನು ಬಲವಾಗಿ ಮಂಡಿಸಿದವರು ಅಮೆರಿಕದ ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್. 1996ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮಾಡಿದ ಭಾಷಣದಲ್ಲಿ, ಬಿಳಿಯರ ನಾಟಕಗಳಲ್ಲಿ ಕಪ್ಪು ನಟರಿಗೆ ಪಾತ್ರ ಕೊಡುವುದು ಸಮಾನತೆಯಲ್ಲ, ನಮ್ಮ ಬದುಕನ್ನು ಹೇಳುವ ನಮ್ಮ ರಂಗಮಂದಿರಗಳಿಗೆ ಹಣ ಬೇಕು ಎಂದು ವಾದಿಸಿದರು. ಹಣದ ಹಂಚಿಕೆಯ ಮಟ್ಟಿಗೆ ವಿಲ್ಸನ್ ಹೇಳಿದ್ದು ಪೂರ್ತಿ ಸರಿ. ಆದರೆ ಅಭಿಜಾತ ಕೃತಿ ಬಿಳಿಯರ ಸೊತ್ತು ಎಂಬುದನ್ನು ರಾಬನ್ ದ್ವೀಪದವರು ಒಪ್ಪಿರಲಿಲ್ಲ. ಅದಕ್ಕೂ ಮೊದಲು, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೊದಲ ಕಾರ್ಯದರ್ಶಿ ಸೋಲ್ ಪ್ಲಾಟ್ಯೆ ಷೇಕ್ಸ್‌ಪಿಯರನ ನಾಟಕಗಳನ್ನು ತಮ್ಮ ಸೆಟ್ಸ್ವಾನಾ ಭಾಷೆಗೆ ತಂದಿದ್ದರು. ನೈಜೀರಿಯಾದ ವೋಲೆ ಸೋಯಿಂಕಾ ಅಂತರ್ಯುದ್ಧದ ಕಾಲದಲ್ಲಿ 22 ತಿಂಗಳು ಜೈಲಿನಲ್ಲಿದ್ದು ಬಂದವರು, 1973ರಲ್ಲಿ ಯೂರಿಪಿಡಿಸ್‌ನ ‘ಬಾಕೆ’ಯನ್ನು ಮರುಬರೆದು ಅದಕ್ಕೆ ಗುಲಾಮರ ಮೇಳವನ್ನು ಸೇರಿಸಿದರು, ಕೊನೆಯಲ್ಲಿ ಕತ್ತರಿಸಿದ ದೊರೆಯ ತಲೆಯಿಂದ ನೆತ್ತರಿನ ಬದಲು ದ್ರಾಕ್ಷಾರಸ ಚಿಮ್ಮುತ್ತದೆ. ಗ್ರೀಸ್ ಕನ್ನಡಿಗರಾದ ನಮಗೂ ನೇರ ಬರದೆ ಇಂಗ್ಲೆಂಡಿನ ಮೂಲಕವೇ ಬಂದರೂ ನಾವು ಅದನ್ನು ಇಂಗ್ಲಿಷರದೆಂದು ಬಿಟ್ಟುಕೊಡಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸ್‌ನ ‘ಏಜಾಕ್ಸ್’ನಿಂದ ‘ಅಶ್ವತ್ಥಾಮನ್’ ಕಟ್ಟಿದರು; ಆ ಗ್ರೀಕ್ ನಾಟಕದ ಉತ್ತರಾರ್ಧವೂ ಒಂದು ಹೆಣಕ್ಕೆ ಮಣ್ಣು ಕೊಡಬೇಕೆ ಬೇಡವೆ ಎಂಬ ತಕರಾರೇ. ಲಂಕೇಶರಿಂದಾಗಿ ಅಂತಿಗೊನೆ ಕನ್ನಡದಲ್ಲಿ ಮಾತಾಡಿದಳು.

ಮತ್ತೆ ನ್ಯೂ ಬ್ರೈಟನ್. 1985ರಲ್ಲಿ ಅಲ್ಲಿ ಸಾವಿನ ಮೆರವಣಿಗೆಗಳೇ ರಾಜಕೀಯ ಸಭೆಗಳಾಗಿದ್ದವು. ತುರ್ತುಪರಿಸ್ಥಿತಿ ಹೇರಿದ ಸರ್ಕಾರ ಅಂತ್ಯಕ್ರಿಯೆ ಹೇಗೆ ನಡೆಯಬೇಕು, ಯಾರು ಮಾತಾಡಬೇಕು ಎಂದೂ ನಿಯಮ ಮಾಡಿತು. ಅದೇ ವರ್ಷ ಒಂದು ಅಂತ್ಯಕ್ರಿಯೆಯಲ್ಲಿ ಕವಿತೆ ಓದುತ್ತಿದ್ದ ಜಾನ್ ಕಾನಿಯ ತಮ್ಮನನ್ನು ಪೊಲೀಸರು ಗುಂಡಿಟ್ಟು ಕೊಂದರು. 2002ರಲ್ಲಿ ಕಾನಿ ತಾವೊಬ್ಬರೇ ಬರೆದ ಮೊದಲ ನಾಟಕ ‘ನಥಿಂಗ್ ಬಟ್ ದ ಟ್ರೂತ್’ ರಂಗಕ್ಕೆ ಬಂತು, ಅದರ ಮುಖ್ಯ ಪಾತ್ರವನ್ನೂ ಅವರೇ ಮಾಡಿದರು. ಕಥೆ ಹೀಗಿದೆ: ನ್ಯೂ ಬ್ರೈಟನ್ನಿನ ಗ್ರಂಥಾಲಯದ ನೌಕರನೊಬ್ಬ, ಲಂಡನ್ನಿನಲ್ಲಿ ದೇಶಭ್ರಷ್ಟನಾಗಿ ಸತ್ತ ತಮ್ಮನ ದೇಹಕ್ಕಾಗಿ ಕಾಯುತ್ತಿದ್ದಾನೆ. ಮಣ್ಣು ಮಾಡುವ ವ್ಯವಸ್ಥೆಯೆಲ್ಲ ಆಗಿದೆ. ವಿಮಾನದಲ್ಲಿ ಬಂದ ತಮ್ಮನ ಮಗಳ ಕೈಯಲ್ಲಿ ಇರುವುದು ಬೂದಿಯ ಪಾತ್ರೆ. ಹಿರಿಯರ ಪಕ್ಕದಲ್ಲಿ ಏನನ್ನು ಹೂಳಲಿ ಎಂದು ಆತ ತತ್ತರಿಸುತ್ತಾನೆ. ಇಲ್ಲಿ ಗ್ರೀಕ್ ಹೆಸರು ಒಂದೂ ಇಲ್ಲ. ಆದರೂ 1965ರ ತಾಲೀಮು ಇಷ್ಟು ದೂರ ಬಂದಿದೆ ಎಂದು ನನಗೆ ಅನಿಸುತ್ತದೆ. ಅಂತಿಗೊನೆಯನ್ನು ಆಡಿದವರೇ ಕೊನೆಗೆ ತಮ್ಮ ಅಂತಿಗೊನೆಯನ್ನು ತಾವೇ ಬರೆದರು. ವಿಲ್ಸನ್ ಕೇಳಿದ್ದಕ್ಕೂ ಪ್ಲಾಟ್ಯೆ ಮಾಡಿದ್ದಕ್ಕೂ ವಿರೋಧವಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೆಣದ ಈ ಪ್ರಶ್ನೆ ಆ ಬಡಾವಣೆಗೇ ಮುಗಿಯಲಿಲ್ಲ. ಅಮೆರಿಕದ ಫರ್ಗ್ಯುಸನ್‌ನಲ್ಲಿ 2014ರ ಆಗಸ್ಟ್ 9ರಂದು ಪೊಲೀಸ್ ಗುಂಡಿಗೆ ಸತ್ತ ಹದಿನೆಂಟರ ಮೈಕಲ್ ಬ್ರೌನ್‌ನ ದೇಹ ನಾಲ್ಕು ಗಂಟೆಯಷ್ಟು ಹೊತ್ತು ಬೀದಿಯಲ್ಲಿ ಬಿದ್ದಿತ್ತು. 2016ರಲ್ಲಿ ಅಲ್ಲಿಯ ಜನರೇ, ಮೇಷ್ಟ್ರುಗಳು, ಪೊಲೀಸರು ಕೂಡ ಸೇರಿ ಮೇಳವಾಗಿ ಹಾಡಿದ ‘ಅಂತಿಗೊನೆ ಇನ್ ಫರ್ಗ್ಯುಸನ್’ ಪ್ರಯೋಗವಾಯಿತು. ಆಟದ ನಂತರ ಊರಿನವರು ಅಲ್ಲೇ ಕೂತು ಮಾತಾಡಿದರು. ಇನ್ನು ನಾವು ಶುರು ಮಾಡಿದ ವುಯಿಸಿಲೆ ಮಿನಿಯ ಕಥೆ: ಅವರ ಅಸ್ಥಿಗಳನ್ನು 1998ರಲ್ಲಿ ಪ್ರಿಟೋರಿಯಾದ ಗುಂಡಿಯಿಂದ ತೆಗೆದು ತಂದು ನ್ಯೂ ಬ್ರೈಟನ್ನಿನ ಎಮ್ಲೊಥೆನಿಯಲ್ಲಿ ಗೌರವದಿಂದ ಮಣ್ಣು ಮಾಡಿದರು. ಅಷ್ಟಕ್ಕೆ ಮೂವತ್ತನಾಲ್ಕು ವರ್ಷ ಹಿಡಿಯಿತು.

ಕೊನೆಗೆ ನಾಟಕ ಮಾಡುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ನಮ್ಮ ಕಾಲೇಜುಗಳಲ್ಲಿ ‘ಅಂತಿಗೊನೆ’ ಆಗಾಗ ಆಗುತ್ತದೆ, ಆಗಬೇಕು. ನಾಯಕಿಯ ಪಾತ್ರಕ್ಕೆ ಒಳ್ಳೆಯ ನಟಿ ಹೇಗೂ ಸಿಗುತ್ತಾಳೆ. ಕ್ರೆಯಾನ್‌ನ ಪಾತ್ರವನ್ನು ಮಾತ್ರ ಉಳಿದುಕೊಂಡವನಿಗೆ ಹಚ್ಚಬೇಡಿ. ಯಾರೋ ರಾಜಕಾರಣಿಯ ಟೋಪಿ, ಶಾಲು ಹಾಕಿಸಿ ನಗೆಪಾಟಲು ಮಾಡಬೇಡಿ. ನಿಮ್ಮ ತಂಡದ ಅತ್ಯುತ್ತಮ ನಟನಿಗೆ ಅದನ್ನು ಕೊಡಿ, ಅವನ ಮಾತುಗಳಲ್ಲಿ ಒಂದನ್ನೂ ಕತ್ತರಿಸದೆ ಆಡಿಸಿ.